ತಪ್ಪೇ ಮಾಡದೆ ಜೈಲು ಸೇರಿದವರಿಗೆ ಸರ್ಕಾರ ಪರಿಹಾರ ಕೊಡಲೇಬೇಕಾ? ಮೊದಲು ಏನು ಬದಲಾಗಬೇಕು?

ಕೊಡಲೇಬೇಕು ಅನ್ನೋ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಕೋರ್ಟಿಗೆ ಸರಿ ಅನ್ನಿಸಿದರೆ ಕೊಡಿಸುತ್ತೆ, ಇಲ್ಲಾಂದ್ರೆ ಇಲ್ಲ. ನಾನು ವಕೀಲ ಅಲ್ಲ, ಸುಂಟಿಕೊಪ್ಪ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯೋನು. ಲೈನ್ ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿ ಇರೋ ಕೂಲಿಯವರ ಕೇಸುಗಳಿಗೆ ಸ್ಟೇಷನ್ನು, ಕೋರ್ಟು ಅಂತ ಓಡಾಡಿ ಒಂದಷ್ಟು ಗೊತ್ತಾಗಿದೆ.

ನಮ್ಮ ಕೊಡಗಿನದೇ ಕೇಸು ತಗೊಳ್ಳಿ. ಕುಶಾಲನಗರ ಕಡೆಯ ಒಬ್ಬ ಆದಿವಾಸಿ 2020ರಲ್ಲಿ ಹೆಂಡತಿ ಕಾಣೆಯಾಗಿದ್ದಾಳೆ ಅಂತ ತಾನೇ ದೂರು ಕೊಟ್ಟ. ಆಮೇಲೆ ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅಸ್ಥಿಪಂಜರ ಒಂದು ಸಿಕ್ಕಿತು, ಅದು ಅವಳದೇ ಅಂತ ಪೊಲೀಸರು ತೀರ್ಮಾನಿಸಿದರು, ಕೊಲೆ ಆರೋಪ ಗಂಡನ ಮೇಲೆ ಬಿತ್ತು. ಡಿಎನ್‌ಎ ವರದಿ ಬರೋ ಮುಂಚೆಯೇ ಚಾರ್ಜ್‌ಶೀಟ್ ಹೋಯಿತು. ವರದಿ ಬಂದು ಮೂಳೆ ಅವಳದಲ್ಲ ಅಂತ ಆದ ಮೇಲೂ ಕೇಸು ನಿಲ್ಲಲಿಲ್ಲ. ವರ್ಷಕ್ಕೂ ಜಾಸ್ತಿ ಒಳಗಿದ್ದ. 2025ರ ಏಪ್ರಿಲ್‌ನಲ್ಲಿ ಹೆಂಡತಿ ಮಡಿಕೇರಿಯ ಹೋಟೆಲಲ್ಲಿ ಕಾಣಿಸಿಕೊಂಡಳು! ಮೈಸೂರಿನ ಕೋರ್ಟು ಅವನನ್ನು ಖುಲಾಸೆ ಮಾಡಿ, ಸರ್ಕಾರ 1 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು.

ಗಮನಿಸಿ, ಅವನಿಗೆ ಶಿಕ್ಷೆಯೇ ಆಗಿರಲಿಲ್ಲ. ತೀರ್ಪಿಗೆ ಮುಂಚೆಯೇ ಅಷ್ಟೆಲ್ಲ ನಡೆದುಹೋಗಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ, ಕಾರಣ ಇಲ್ಲದೆ ಒಬ್ಬರನ್ನು ಬಂಧಿಸುವಂತೆ ಮಾಡಿದವರಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ 1,000 ರೂಪಾಯಿ. ಬಂಧನ, ಜಾಮೀನು, ವಿಚಾರಣೆಯ ಹಳೆಯ ಕಾನೂನಿನ (ಸಿಆರ್‌ಪಿಸಿ) ಬದಲಿಗೆ 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಸಾವಿರ. ಕಾಫಿ ಕುಯ್ಲಿನ ಎರಡು ಮೂರು ದಿನದ ಕೂಲಿ ಅದು. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರ ಮರಣದಂಡನೆಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ ತಲಾ 5 ಲಕ್ಷ ಕೊಡಿಸಿತು. ಆದರೆ ಅದು ಆ ಕೋರ್ಟಿನ ಔದಾರ್ಯ, ಎಲ್ಲರಿಗೂ ಸಿಗೋ ಹಕ್ಕಲ್ಲ. ಹಕ್ಕಾಗಬೇಕು, ಅದಕ್ಕೆ ವಿಶೇಷ ನ್ಯಾಯಾಲಯ ಬೇಕು ಅಂತ ಕಾನೂನು ಆಯೋಗ 2018ರಲ್ಲೇ 277ನೇ ವರದಿಯಲ್ಲಿ ಬರೆದಿದೆ.

ಅದು ಬರಲಿ, ಒಳ್ಳೆಯದೇ. ಆದರೆ ನನ್ನ ಪ್ರಕಾರ ಮೊದಲು ಸರಿಯಾಗಬೇಕಾದ್ದು ಬಂಧನ ಮತ್ತು ವಿಚಾರಣೆಯ ನಡುವಿನ ಕಾಲ. ದೇಹ ಯಾರದು ಅನ್ನೋದೇ ಪ್ರಶ್ನೆಯಾಗಿರುವಾಗ ಡಿಎನ್‌ಎ ವರದಿ ಇಲ್ಲದ ಚಾರ್ಜ್‌ಶೀಟ್ ತಗೋಬಾರದು. ವರದಿ ಉಲ್ಟಾ ಬಂದರೆ ಅದನ್ನು ಆವತ್ತೇ ಕೋರ್ಟಿನ ಮುಂದೆ ಇಡೋದು ಪೊಲೀಸರ ಕೆಲಸ ಆಗಬೇಕು, ಇಡದಿದ್ದರೆ ಆ ಅಧಿಕಾರಿ ಉತ್ತರ ಕೊಡಬೇಕು. ಅಲ್ವಾ?

ಇನ್ನೊಂದು ಜಾಮೀನು. ಆದೇಶ ಆದರೂ ಬಿಡುಗಡೆ ಆಗಲ್ಲ, ಶ್ಯೂರಿಟಿ ನಿಲ್ಲೋಕೆ ಪಹಣಿ ಇರೋರು ಬೇಕು. ಹಾಡಿಯಲ್ಲಿರೋ ಆದಿವಾಸಿಗೆ, ಯರವನಿಗೋ ಜೇನುಕುರುಬನಿಗೋ, ಪಹಣಿ ಎಲ್ಲಿಂದ ಬರಬೇಕು? ನಮ್ಮ ಲೈನಿನ ಹುಡುಗನೊಬ್ಬನಿಗೆ ನಾನೇ ನಿಲ್ಲೋಕೆ ಹೋದೆ. ಗುಮಾಸ್ತರು ಪಹಣಿ ತಿರುಗಿಸಿ ನೋಡಿ, ಇದರಲ್ಲಿ ಕುಟುಂಬದವರ ಹೆಸರೆಲ್ಲ ಇದೆ, ನಿಮ್ಮ ಪಾಲು ಯಾವುದು ಸಾರ್ ಅಂದರು. ಇಡೀ ಕುಟುಂಬಕ್ಕೆ ಸೇರಿದ, ವಂಶದಿಂದ ಬರೋ ಜಮ್ಮಾ ಜಮೀನಿನ ಕಥೆ ಕೊಡಗಿನವರಿಗೆ ಹೇಳೋದೇ ಬೇಡ. ಕುಟುಂಬದ ಹಿರಿಯರಾದ ಪಟ್ಟೇದಾರರ ಮನೆಗೆ, ತಾಲ್ಲೂಕು ಆಫೀಸಿಗೆ ಅಲೆದು, ಕೊನೆಗೆ ಬೇರೆಯವರನ್ನು ಹಿಡಿದು ತಂದೆವು. ಅಷ್ಟೂ ದಿನ ಅವನು ಒಳಗೇ ಇದ್ದ. ಮೊದಲ ಸಲ ಕೇಸಾದವರನ್ನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಬಿಡಬೇಕು ಅಂತ ಹೊಸ ಸಂಹಿತೆ ಹೇಳುತ್ತೆ ನಿಜ. ಆದರೆ ಮರಣದಂಡನೆ, ಜೀವಾವಧಿ ಇರೋ ಆರೋಪಕ್ಕೆ ಅದು ಅನ್ವಯಿಸಲ್ಲ, ಅಂದರೆ ಮೇಲೆ ಹೇಳಿದ ಕೊಲೆ ಕೇಸಿನಂಥವಕ್ಕೆ ಪ್ರಯೋಜನ ಇಲ್ಲ.

ನೀವು ಯಾರಿಗಾದರೂ ಸಹಾಯ ಮಾಡೋಕೆ ಕೇಳ್ತಿದ್ದರೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಇವತ್ತೇ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರೋರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ವಕೀಲರು ಉಚಿತ. ಚಾರ್ಜ್‌ಶೀಟಿನ ಪ್ರತಿ ಕೈಗೆ ಬಂದ ತಕ್ಷಣ ಯಾವ್ಯಾವ ಲ್ಯಾಬ್ ವರದಿ ಬಾಕಿ ಇದೆ ಅಂತ ವಕೀಲರ ಹತ್ತಿರ ಬರೆಸಿಕೊಳ್ಳಿ.