ಓದುಗರ ಪ್ರಶ್ನೆ: ಜಪಾನೀಸ್ ಕಲಿಕೆ, ಜಪಾನಿನ ಕೆಲಸ

ಈ ಸಲದ ಪತ್ರಗಳಲ್ಲಿ ಜಪಾನಿನ ವಿಷಯವೇ ಹೆಚ್ಚು. ಹಾಗಾಗಿ ಅವನ್ನೆಲ್ಲ ಒಂದೆಡೆ ತೆಗೆದುಕೊಂಡಿದ್ದೇವೆ. ಪತ್ರಗಳಲ್ಲಿ ಬರುವ ಎನ್5ರಿಂದ ಎನ್1 ಎಂಬುವು ಜಪಾನೀಸ್ ಭಾಷಾ ಪರೀಕ್ಷೆಯ ಐದು ಹಂತಗಳು, ಎನ್5 ಎಲ್ಲಕ್ಕಿಂತ ಸುಲಭದ್ದು. ಯೆನ್ ಮೊತ್ತವನ್ನು ರೂಪಾಯಿಗೆ ತಿರುಗಿಸಿಕೊಳ್ಳಲು ಅರ್ಧಕ್ಕಿಂತ ತುಸು ಹೆಚ್ಚು ಹಿಡಿಯಿರಿ. ಈಚಿನ ವರ್ಷಗಳಲ್ಲಿ ಒಂದು ಯೆನ್ ಐವತ್ತರಿಂದ ಅರವತ್ತು ಪೈಸೆಯ ಆಸುಪಾಸಿನಲ್ಲಿದೆ.

ಪ್ರಶ್ನೆ: ನಾಲ್ಕು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಜಪಾನೀಸ್ ಕಲಿಯುತ್ತಿದ್ದೇನೆ. ಪದಗಳು ಗೊತ್ತು, ವಾಕ್ಯ ಕಟ್ಟಲು ಬರುವುದಿಲ್ಲ. ಕನ್ನಡದಿಂದ ನೇರವಾಗಿ ಕಲಿಯಬಹುದೇ? ಎನ್3 ಮುಟ್ಟಲು ಎಷ್ಟು ಕಾಲ ಬೇಕು?
*ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ*

ಇಂಗ್ಲಿಷಿನ ಮೂಲಕ ಹೋದದ್ದೇ ನಿಮಗೆ ತೊಡಕಾಗಿದೆ. ಜಪಾನೀಸ್ ವಾಕ್ಯದ ಓಟ ಕನ್ನಡದ್ದೇ. 'ವತಶಿ ವ ಕಿನೋ ಕತ್ತ ಹೊನ್ ಒ ಯೊಂದೆ ಮಿಮಶಿತ' ಎಂಬುದನ್ನು ಪದ ಕದಲಿಸದೆ ಕನ್ನಡಕ್ಕೆ ಇಳಿಸಿ: 'ನಾನು ನಿನ್ನೆ ಕೊಂಡ ಪುಸ್ತಕವನ್ನು ಓದಿ ನೋಡಿದೆ.' ವಿಭಕ್ತಿ ನಾಮಪದದ ನಂತರ ಬರುತ್ತದೆ, ಕ್ರಿಯಾಪದ ಕೊನೆಗೆ. 'ಕೊಂಡ ಪುಸ್ತಕ' ಎನ್ನುವ ಕೃದಂತದ ರಚನೆ ಹಾಗೇ ಇದೆ. 'ಓದಿ ನೋಡು' ಎಂಬಲ್ಲಿನ 'ನೋಡು' ಕೂಡ ಹಾಗೇ. 'ತಿಂದುಬಿಟ್ಟೆ' ಎನ್ನುವುದಕ್ಕೆ 'ತಬೆತೆ ಶಿಮತ್ತ', 'ಅಂತ ಹೇಳಿದ' ಎನ್ನುವುದಕ್ಕೆ 'ತೊ ಇತ್ತ'. ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ಭಾಗವನ್ನು ನೀವು ವಾರದಲ್ಲಿ ದಾಟಬಹುದು. ಇವತ್ತಿನಿಂದ ಉದಾಹರಣೆ ವಾಕ್ಯದ ಪಕ್ಕ ಇಂಗ್ಲಿಷ್ ಬಿಟ್ಟು ಕನ್ನಡ ಬರೆದುಕೊಳ್ಳಿ. (ಇದನ್ನು ನೋಡಿ ಎರಡೂ ಒಂದೇ ಕುಟುಂಬದ ಭಾಷೆಗಳು ಎಂದು ಹೊರಡಬೇಡಿ. ಆ ವಾದವನ್ನು ಭಾಷಾವಿಜ್ಞಾನಿಗಳು ಒಪ್ಪಿಲ್ಲ.)

ಉಚ್ಚಾರಣೆಯಲ್ಲೂ ನಮ್ಮ ಲಿಪಿ ಉಪಕಾರಿ. ಒಬಸನ್ ಎಂದರೆ ಅತ್ತೆ–ಚಿಕ್ಕಮ್ಮಂದಿರು, ಒಬಾಸನ್ ಎಂದರೆ ಅಜ್ಜಿ. ಕಿತೆ ಎಂದರೆ 'ಬಂದು', ಕಿತ್ತೆ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರಗಳು ನಮಗೆ ಸಹಜ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು ಇವನ್ನೇ ಕಳೆದುಕೊಳ್ಳುತ್ತಾರೆ. ಟ, ಡ ಹಚ್ಚಬೇಡಿ, ಅಲ್ಲಿರುವುದು ತ, ದ. ಆದರೂ ಕನ್ನಡ ಲಿಪಿಯ ಊರುಗೋಲು ಎರಡು ವಾರಕ್ಕೆ ಸಾಕು. ಅಷ್ಟರಲ್ಲಿ ಹಿರಗನ, ಕತಕನ ಎಂಬ ಎರಡು ಉಚ್ಚಾರ ಲಿಪಿಗಳ ತಲಾ 46 ಮೂಲ ಅಕ್ಷರಗಳನ್ನು ಕೈಬರಹದಲ್ಲಿ ಮುಗಿಸಬೇಕು.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಮಗೆ 'ಕೊಡು' ಒಂದೇ. ಅವರಲ್ಲಿ ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು', ಬೇರೆಯವರು ನನಗೆ ಕೊಟ್ಟರೆ 'ಕುರೆರು'. 'ವ' ಮತ್ತು 'ಗ' ಪ್ರತ್ಯಯಗಳ ಆಯ್ಕೆ ಎನ್2 ಮಟ್ಟದಲ್ಲೂ ಕಾಡುತ್ತದೆ. ಗೌರವದ ಲೆಕ್ಕವೂ ಬೇರೆ. ನಾವು ಗ್ರಾಹಕರ ಮುಂದೆ 'ನಮ್ಮ ಮ್ಯಾನೇಜರ್ ಬರ್ತಾರೆ' ಎಂದು ಬಹುವಚನ ಹಾಕುತ್ತೇವೆ. ಅಲ್ಲಿ ಹೊರಗಿನವರೆದುರು ನಮ್ಮ ಕಚೇರಿಯ ಹಿರಿಯರ ಹೆಸರಿಗೆ 'ಸನ್' ಎಂಬ ಗೌರವಸೂಚಕ ಸೇರಿಸುವಂತಿಲ್ಲ, ಕ್ರಿಯಾಪದವನ್ನೂ ತಗ್ಗಿಸಬೇಕು.

ನಿಜವಾಗಿ ಕಾಲ ತಿನ್ನುವುದು ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲಿ 2,136 ಇವೆ. ಎನ್4ಕ್ಕೆ ಸುಮಾರು 300, ಎನ್3ಕ್ಕೆ 650, ಎನ್2ಕ್ಕೆ 1,000 ಬೇಕು ಎಂಬುದು ಅಧ್ಯಾಪಕರ ಅಂದಾಜು, ಅಧಿಕೃತ ಪಟ್ಟಿ ಪ್ರಕಟವಾಗುತ್ತಿಲ್ಲ. ದಿನಕ್ಕೆ ಐದು ಸಾಕು. ಬಿಡಿ ಅಕ್ಷರವನ್ನು ಅದರ ಎಲ್ಲ ಉಚ್ಚಾರಗಳೊಂದಿಗೆ ಉರು ಹೊಡೆಯಬೇಡಿ. ಅದು ಬರುವ ಎರಡು ಪದಗಳನ್ನು ಕಲಿತರೆ ಉಚ್ಚಾರ ತಾನಾಗಿ ಕೂರುತ್ತದೆ. ಮೊದಲ 300ನ್ನು ಗೆರೆಗಳ ಕ್ರಮ ತಪ್ಪದೆ ಕೈಯಲ್ಲಿ ಬರೆಯಿರಿ, ಆಮೇಲಿನವನ್ನು ಓದಿ ಗುರುತಿಸಿದರೆ ನಡೆಯುತ್ತದೆ. ಪದಗಳನ್ನು ಕಾರ್ಡುಗಳಾಗಿ ಮತ್ತೆ ಮತ್ತೆ ತೋರಿಸುವ ಪುನರಾವರ್ತನೆಯ ಆ್ಯಪ್ ಬಳಸುವುದಾದರೆ ದಿನಕ್ಕೆ ಹೊಸ ಪದ ಹತ್ತಕ್ಕೆ ನಿಲ್ಲಿಸಿ. ಮೂವತ್ತು ಇಟ್ಟುಕೊಂಡವರ ಮುಂದೆ ಮೂರನೆಯ ವಾರಕ್ಕೇ ನೂರಾರು ಹಳೆಯ ಕಾರ್ಡುಗಳ ರಾಶಿ ಬೀಳುತ್ತದೆ, ಕಲಿಕೆ ಅಲ್ಲಿಗೆ ನಿಲ್ಲುತ್ತದೆ.

ಕಾಲದ ಲೆಕ್ಕಕ್ಕೆ ಬಂದರೆ, 2009ರವರೆಗೆ ಇದ್ದ ಹಳೆಯ ಪರೀಕ್ಷೆಯಲ್ಲಿ ನಾಲ್ಕು ಹಂತಗಳಿಗೆ 150, 300, 600, 900 ಗಂಟೆ ಎಂದಿತ್ತು. ಕಾಂಜಿಯ ಹಿನ್ನೆಲೆ ಇಲ್ಲದವರಿಗೆ ಮೇಲಿನ ಹಂತಗಳಲ್ಲಿ ಇದು ಸಾಲದು. ದಿನಕ್ಕೆ ಒಂದೂವರೆ ಗಂಟೆ ತಪ್ಪದೆ ಕೂತರೆ ಎನ್3ಕ್ಕೆ ಒಂದೂವರೆ ವರ್ಷ ಇಟ್ಟುಕೊಳ್ಳಿ. 'ಮಿನ್ನಾ ನೊ ನಿಹೊಂಗೊ' ಎಂಬ ಪಠ್ಯಪುಸ್ತಕ ಕೊಳ್ಳುವಾಗ ಒಂದು ಎಚ್ಚರ: ಮೂಲಪುಸ್ತಕ ಪೂರ್ತಿ ಜಪಾನೀಸ್‌ನಲ್ಲಿದೆ. ಅನುವಾದ ಮತ್ತು ವ್ಯಾಕರಣ ಟಿಪ್ಪಣಿಯ ಸಂಪುಟ ಬೇರೆ, ಎರಡೂ ಬೇಕು. 25 ಪಾಠ ಮುಗಿದರೆ ಎನ್5, 50 ಮುಗಿದರೆ ಎನ್4ರ ಹತ್ತಿರ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಜಪಾನ್ ಫೌಂಡೇಶನ್ನಿನ 'ಇರೊದೊರಿ' ಪಠ್ಯ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ಎನ್4ರಲ್ಲಿ ಪಾಸಾಗಲು 90 ಸಾಕಂತೆ. ನನಗೆ 96 ಬಂದರೂ ಫೇಲ್ ಎಂದಿದೆ. ಮರುಎಣಿಕೆಗೆ ಹಾಕಬಹುದೇ?
*ಓದುಗರು, ತುಮಕೂರು*

ಎಣಿಕೆ ತಪ್ಪಿರಲಾರದು. ಒಟ್ಟು ಅಂಕದ ಜೊತೆಗೆ ವಿಭಾಗವಾರು ಕನಿಷ್ಠವೂ ಇದೆ. ಎನ್5, ಎನ್4ರಲ್ಲಿ ಭಾಷಾಜ್ಞಾನ ಮತ್ತು ಓದು ಸೇರಿ 120ಕ್ಕೆ 38, ಆಲಿಸುವಿಕೆಯಲ್ಲಿ 60ಕ್ಕೆ 19 ಬರಲೇಬೇಕು. ನಿಮ್ಮ ಅಂಕಪಟ್ಟಿಯಲ್ಲಿ ಆಲಿಸುವಿಕೆ 19ರ ಕೆಳಗಿರಬೇಕು, ನಮ್ಮವರು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ. ಎನ್3ರಿಂದ ಮೇಲೆ ಮೂರೂ ವಿಭಾಗಗಳಲ್ಲಿ ತಲಾ 19 ಬೇಕು.

ಧ್ವನಿ ಒಂದೇ ಸಲ ಕೇಳಿಸುತ್ತಾರೆ. ಎರಡು ನಿಮಿಷದ ತುಣುಕನ್ನು ಮೊದಲು ಪಠ್ಯ ನೋಡದೆ ಕೇಳಿ, ಆಮೇಲೆ ಪಠ್ಯದೊಂದಿಗೆ, ಕೊನೆಗೆ ಧ್ವನಿಯ ಬೆನ್ನಿಗೇ ಬಾಯಿ ಬಿಟ್ಟು ಹೇಳಿ. ದಿನಕ್ಕೆ ಒಂದು ತುಣುಕು ಸಾಕು. ಹಿನ್ನೆಲೆಯಲ್ಲಿ ಅನಿಮೆ ಹಾಕಿ ಅಡುಗೆ ಮಾಡುವುದು ಅಭ್ಯಾಸವಲ್ಲ. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ಬೆಂಗಳೂರಿನಲ್ಲಿ ಕೇಂದ್ರವಿದೆ, ಅರ್ಜಿ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ.

ಪ್ರಶ್ನೆ: ಮಗಳು ಜಿಎನ್‌ಎಂ ಮುಗಿಸಿದ್ದಾಳೆ. ಜಪಾನಿನಲ್ಲಿ ನರ್ಸ್ ಕೆಲಸ ಕೊಡಿಸುತ್ತೇವೆಂದು ಏಜೆಂಟರೊಬ್ಬರು ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ನಂಬಬಹುದೇ?
*ತಂದೆ, ಹಾಸನ*

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಜಪಾನಿನ ರಾಷ್ಟ್ರೀಯ ನರ್ಸಿಂಗ್ ಪರೀಕ್ಷೆ ಪಾಸಾಗದೆ ಅಲ್ಲಿ ಯಾರೂ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ, ಆ ಪರೀಕ್ಷೆ ಇರುವುದು ಜಪಾನೀಸ್‌ನಲ್ಲಿ. ಏಜೆಂಟರು ಹೇಳುತ್ತಿರುವುದು ಬಹುಶಃ 'ಕೈಗೊ', ಅಂದರೆ ವೃದ್ಧರ ಆರೈಕೆ. ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಸರದಿಯಲ್ಲಿ ರಾತ್ರಿ ಪಾಳಿ. ಮರ್ಯಾದೆಯ ಕೆಲಸವೇ, ಆದರೆ ಇಂಜೆಕ್ಷನ್ ಕೊಡುವ ಕೆಲಸವಲ್ಲ. ಮಗಳಿಗೆ ಇದು ಗೊತ್ತಿದೆಯೇ ಎಂದು ಕೇಳಿ.

ದಾರಿ ಹೀಗಿದೆ. 2019ರ ಏಪ್ರಿಲ್‌ನಲ್ಲಿ ಶುರುವಾದ 'ತೊಕುತೇ ಗಿನೋ' ಎಂಬ ನಿರ್ದಿಷ್ಟ ಕೌಶಲದ ವೀಸಾ. ಭಾರತ 2021ರ ಜನವರಿಯಲ್ಲಿ ಇದರ ಒಪ್ಪಂದಕ್ಕೆ ಸಹಿ ಹಾಕಿದೆ. ಮೂರು ಪರೀಕ್ಷೆ ಪಾಸಾಗಬೇಕು: ಕೈಗೊ ಕೌಶಲ ಪರೀಕ್ಷೆ, ಕೈಗೊ ಜಪಾನೀಸ್ ಪರೀಕ್ಷೆ, ಮತ್ತು ಎನ್4 ಇಲ್ಲವೇ ಜೆಎಫ್‌ಟಿ ಬೇಸಿಕ್ ಎಂಬ ಇನ್ನೊಂದು ಭಾಷಾ ಪರೀಕ್ಷೆಯಲ್ಲಿ 250ಕ್ಕೆ 200. ಜೆಎಫ್‌ಟಿ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಡಿಸೆಂಬರ್‌ವರೆಗೆ ಕಾಯಬೇಕಾಗಿಲ್ಲ. ಮೊದಲ ದರ್ಜೆಯ ಈ ವೀಸಾದಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷ ಇರಬಹುದು, ಕುಟುಂಬ ಕರೆಸಿಕೊಳ್ಳಲು ಬರುವುದಿಲ್ಲ. ಅಲ್ಲಿ ಮೂರು ವರ್ಷ ಕೆಲಸ ಮಾಡಿ ತರಬೇತಿ ಮುಗಿಸಿದವರು ಜನವರಿಯಲ್ಲಿ ನಡೆಯುವ 'ಕೈಗೊ ಫುಕುಶಿಶಿ' (ಪ್ರಮಾಣಿತ ಆರೈಕೆಗಾರರ) ರಾಷ್ಟ್ರೀಯ ಪರೀಕ್ಷೆ ಬರೆಯಬಹುದು. ಪಾಸಾದರೆ ಬೇರೆ ವೀಸಾ, ವರ್ಷಗಳ ಮಿತಿಯಿಲ್ಲ, ಗಂಡ–ಮಕ್ಕಳನ್ನೂ ಕರೆಸಿಕೊಳ್ಳಬಹುದು. ಅದಕ್ಕೆ ಎನ್2ರ ಹತ್ತಿರದ ಓದು ಬೇಕು. ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಎಂದುಕೊಂಡವರು ಐದನೆಯ ವರ್ಷಕ್ಕೆ ವಾಪಸಾಗಬೇಕಾಗುತ್ತದೆ.

ಇನ್ನು ಹಣ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಹೆಸರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ, ನೋಂದಣಿಯ ಅವಧಿಯನ್ನೂ ನೋಡಿ. ಭಾಷಾ ತರಗತಿಗೆ ಬೇರೆ ಶುಲ್ಕವಿದ್ದರೆ ಅದಕ್ಕೆ ಪ್ರತ್ಯೇಕ ರಸೀದಿ ಕೇಳಿ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಒತ್ತೆ ಇಡಿ ಎಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಬಿಸಿಎ ಓದಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ತಿಂಗಳಿಗೆ 3 ಲಕ್ಷ ಯೆನ್ ಸಂಬಳದ ಮಾತು ಬಂದಿದೆ. ಹೆಂಡತಿ, ಆರು ವರ್ಷದ ಮಗನೊಂದಿಗೆ ಹೋಗಬೇಕೆಂದಿದ್ದೇನೆ. ಎಷ್ಟು ಉಳಿಯುತ್ತದೆ?
*ಓದುಗರು, ಮೈಸೂರು*

ಎಂಜಿನಿಯರ್ ವೀಸಾದಲ್ಲಿ ಪದವಿಗೂ ಕೆಲಸಕ್ಕೂ ತಾಳೆ ಇದೆಯೇ ಎಂದು ನೋಡುತ್ತಾರೆ. ನಿಮ್ಮದು ಹೊಂದುತ್ತದೆ. ಕಂಪನಿಯೇ ಅಲ್ಲಿನ ವಲಸೆ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತೆಗೆಸಬೇಕು. ಅದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೈಗೆ ಬಂದ ಪತ್ರ ಮೂರು ತಿಂಗಳು ಮಾತ್ರ ನಡೆಯುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯವಿದೆ: ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಅನುಭವ ಪತ್ರದಲ್ಲಿ ಮೂರನೆಯದೇ ರೂಪ. ಅರ್ಜಿಗೆ ಮೊದಲೇ ಎಲ್ಲವನ್ನೂ ಪಾಸ್‌ಪೋರ್ಟಿಗೆ ಸರಿಹೊಂದಿಸಿ. ಅಲ್ಲಿನ ನಿವಾಸ ಕಾರ್ಡಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಅಚ್ಚಾಗುತ್ತದೆ. ಬ್ಯಾಂಕಿಗೆ ಕತಕನದಲ್ಲಿ ಒಮ್ಮೆ ಬರೆದುಕೊಟ್ಟ ರೂಪವನ್ನೇ ಎಲ್ಲೆಡೆ ಬರೆಯಿರಿ.

3 ಲಕ್ಷದಲ್ಲಿ ಪಿಂಚಣಿಗೆ ಶೇ. 9.15, ಆರೋಗ್ಯ ವಿಮೆಗೆ ಶೇ. 5ರಷ್ಟು, ಜೊತೆಗೆ ಉದ್ಯೋಗ ವಿಮೆ ಮತ್ತು ಆದಾಯ ತೆರಿಗೆ ಹೋಗಿ ಕೈಗೆ ಎರಡೂವರೆ ಲಕ್ಷ ಯೆನ್‌ಗೆ ತುಸು ಕಡಿಮೆ ಬರುತ್ತದೆ. ಇದನ್ನೇ ನಂಬಿ ಖರ್ಚು ಹೊಂದಿಸಿಕೊಂಡವರು ಎರಡನೆಯ ವರ್ಷ ಬೆಚ್ಚಿಬೀಳುತ್ತಾರೆ. ಸ್ಥಳೀಯ ನಿವಾಸ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬೀಳುವುದರಿಂದ ಮೊದಲ ವರ್ಷ ಇರುವುದಿಲ್ಲ. ಮರುವರ್ಷದ ಜೂನ್‌ನಿಂದ ತಿಂಗಳಿಗೆ 12,000ದಿಂದ 15,000 ಯೆನ್ ಕಡಿತ ಶುರು. ಕೆಲಸ ಬಿಟ್ಟು ಊರಿಗೆ ಮರಳುವಾಗಲೂ ಬಾಕಿ ತೀರಿಸಬೇಕು.

ಮನೆ ಹಿಡಿಯುವುದು ಅದಕ್ಕಿಂತ ದೊಡ್ಡ ಪೆಟ್ಟು. 70,000 ಯೆನ್ ಬಾಡಿಗೆ ಎಂದಿಟ್ಟುಕೊಳ್ಳಿ. ಠೇವಣಿ ಒಂದು ತಿಂಗಳದ್ದು, ಮರಳಿ ಬಾರದ 'ರೇಕಿನ್' ಎಂಬ ಕಾಣಿಕೆ ಒಂದು, ದಲ್ಲಾಳಿಗೆ ಒಂದು, ಮುಂಗಡ ಬಾಡಿಗೆ ಒಂದು, ಜಾಮೀನು ಕಂಪನಿಗೆ ಅರ್ಧದಿಂದ ಒಂದು, ಮೇಲೆ ಬೆಂಕಿ ವಿಮೆ, ಬೀಗ ಬದಲಾವಣೆ. ಎಲ್ಲ ಸೇರಿ 3.5 ಲಕ್ಷ ಯೆನ್ ದಾಟಬಹುದು, ಅದೂ ಎಷ್ಟೋ ಕಡೆ ಬಲ್ಬು, ಪರದೆ, ಒಲೆಯೂ ಇಲ್ಲದ ಖಾಲಿ ಮನೆಗೆ. ಯುಆರ್ ಎಂಬ ಸಾರ್ವಜನಿಕ ವಸತಿಯಲ್ಲಿ ರೇಕಿನ್, ದಲ್ಲಾಳಿ, ಜಾಮೀನು ಮೂರೂ ಇಲ್ಲ, ಎರಡು ತಿಂಗಳ ಠೇವಣಿ ಸಾಕು. ಆದಾಯದ ಷರತ್ತು ಇದೆ. ಸಂಬಳ ತಿಂಗಳ ಕೊನೆಗೇ ಬರುವುದರಿಂದ ಎರಡು ತಿಂಗಳ ಖರ್ಚು ಕೈಯಲ್ಲಿರಲಿ. ಮೊದಲ ಆರು ತಿಂಗಳು ಹೆಂಡತಿ–ಮಗನನ್ನು ಇಲ್ಲೇ ಬಿಟ್ಟು ಹೋಗಿ ಎನ್ನುವುದು ನಮ್ಮ ಸಲಹೆ. ಈ ಸಂಬಳದಲ್ಲಿ ಮೂವರು ತೋಕ್ಯೋದಲ್ಲಿ ಬದುಕಬಹುದು, ಉಳಿತಾಯ ಮಾತ್ರ ಹೇಳಿಕೊಳ್ಳುವಷ್ಟಿರದು.

ಅವಲಂಬಿತ ವೀಸಾದಲ್ಲಿ ಬರುವ ಹೆಂಡತಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಮಗನಿಗೆ ಸರ್ಕಾರಿ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ, ತರಗತಿ ಏಪ್ರಿಲ್‌ನಲ್ಲಿ ಶುರು. ಭಾರತೀಯ ಪಠ್ಯಕ್ರಮದ ಶಾಲೆಗಳು ತೋಕ್ಯೋದ ಎದೊಗವ, ಕೋತೊ ಭಾಗದಲ್ಲಿವೆ, ಶುಲ್ಕ ಜೋರು. ಎದೊಗವದ ನಿಶಿಕಸಾಯ್ ಸುತ್ತ ಭಾರತೀಯರು ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ. ತಲುಪಿ ಮನೆ ಸೇರಿದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಮರೆಯಬೇಡಿ. ಮುಂದೆ ಕಾಯಂ ನಿವಾಸಕ್ಕೆ ಹಾಕುವ ಯೋಚನೆಯಿದ್ದರೆ ಪಿಂಚಣಿ, ತೆರಿಗೆಗಳನ್ನು ಗಡುವಿನೊಳಗೇ ಕಟ್ಟಿ. ಅಲ್ಲಿ ತಡವಾಗಿ ಕಟ್ಟಿದ್ದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಬಿಕಾಂ ಆಗಿದೆ. ಸಾಲ ಮಾಡಿ ಅಲ್ಲಿನ ಭಾಷಾ ಶಾಲೆಗೆ ಸೇರಿ, ಪಾರ್ಟ್‌ಟೈಮ್ ದುಡಿದು ಸಾಲ ತೀರಿಸಬಹುದೇ?
*ಓದುಗರು, ದಾವಣಗೆರೆ*

ಲೆಕ್ಕ ಕೂಡುವುದಿಲ್ಲ. ಶಾಲೆಯ ಶುಲ್ಕ ಸಾಮಾನ್ಯವಾಗಿ ವರ್ಷಕ್ಕೆ 7ರಿಂದ 9 ಲಕ್ಷ ಯೆನ್. ವಿದ್ಯಾರ್ಥಿಗೆ ವಾರಕ್ಕೆ 28 ಗಂಟೆಯ ಮಿತಿ. ತೋಕ್ಯೋದಲ್ಲಿ 2024ರ ಅಕ್ಟೋಬರ್‌ನಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಇತ್ತು. ಆ ಲೆಕ್ಕದಲ್ಲಿ ನಾಲ್ಕು ವಾರಕ್ಕೆ 1.3 ಲಕ್ಷ ಯೆನ್ ಆಯಿತು, ಅದು ಬಾಡಿಗೆ, ಊಟ, ರೈಲಿಗೇ ಹೋಗುತ್ತದೆ. ಮಿತಿ ಮೀರಿ ದುಡಿದರೆ ವೀಸಾ ನವೀಕರಣಕ್ಕೇ ಸಂಚಕಾರ. ಇಲ್ಲೇ ಎನ್3 ಮುಗಿಸಿ ಹೋದರೆ ಒಂದು ವರ್ಷದ ಶುಲ್ಕ ಉಳಿಯುತ್ತದೆ. ಎನ್2 ಆದರೆ ಬಿಡದಿ, ನರಸಾಪುರದ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ ದುಭಾಷಿ ಕೆಲಸಕ್ಕೂ ಪ್ರಯತ್ನಿಸಬಹುದು. ನಿಮ್ಮ ಪದವಿಗೆ ಅದೇ ಮೇಲು ಎಂದು ನಮಗನಿಸುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮಗನ ಮನೆಗೆ ಮೂರು ತಿಂಗಳಿಗೆ ಹೋಗುತ್ತಿದ್ದೇವೆ. ಬಿಪಿ ಮಾತ್ರೆ, ಉಪ್ಪಿನಕಾಯಿ ಒಯ್ಯಬಹುದೇ?
*ಹಿರಿಯ ದಂಪತಿ, ಶಿವಮೊಗ್ಗ*

ಮಾಂಸವಿಲ್ಲದ ಉಪ್ಪಿನಕಾಯಿಗೆ ತೊಂದರೆಯಿಲ್ಲ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ, ಅವಕ್ಕೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ. ವೈದ್ಯರ ಚೀಟಿಯ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಮಾತ್ರ ಮುಕ್ತ. ಮೂರು ತಿಂಗಳಿನದಕ್ಕೆ ಹೊರಡುವ ಮೊದಲೇ 'ಯುನ್ಯು ಕಕುನಿನ್‌ಶೊ' ಎಂಬ ಆಮದು ದೃಢೀಕರಣವನ್ನು ಆನ್‌ಲೈನ್‌ನಲ್ಲಿ ಪಡೆಯಬೇಕು, ಮಗನಿಗೆ ಹೇಳಿ. ಕೋಡೀನ್, ಸ್ಯೂಡೋಎಫೆಡ್ರಿನ್ ಇರುವ ಕೆಮ್ಮು–ನೆಗಡಿ ಔಷಧಿಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಅವುಗಳ ಕಾನೂನು ಅಲ್ಲಿ ಕಠಿಣ.

ಹೊರಗಿನ ಊಟದಲ್ಲಿ ಕಾಣದಂತೆ ಬೆರೆಯುವುದು 'ದಶಿ', ಸಾಮಾನ್ಯವಾಗಿ ಮೀನಿನ ಸಾರ. ತರಕಾರಿ ಸಾರು, ಸೋಬಾ ನೂಡಲ್ಸಿನ ಸಾರು, ತೊಫು ಮೇಲಿನ ರಸ, ಎಲ್ಲದರಲ್ಲೂ ಇರುತ್ತದೆ. 'ಮಾಂಸ ಬೇಡ' ಎಂದರೆ ಸಾಲದು, 'ಕತ್ಸುಒ ದಶಿ ಮೊ ದಮೆ ದೆಸು' (ಮೀನಿನ ಸಾರವೂ ಆಗದು) ಎಂದು ಕೇಳಿಯೇ ತಿನ್ನಿ. ತೊಗರಿಬೇಳೆ, ಸಾಂಬಾರ ಪದಾರ್ಥ ತೋಕ್ಯೋದ ಒಕಚಿಮಚಿ, ಶಿನ್-ಒಕುಬೊದ ಅಂಗಡಿಗಳಲ್ಲಿ ಸಿಗುತ್ತವೆ. ಸೂಟ್‌ಕೇಸಿನ ತೂಕವನ್ನು ಅದಕ್ಕೆ ಕಳೆಯಬೇಡಿ, ಚಟ್ನಿಪುಡಿಗೆ ಇಟ್ಟುಕೊಳ್ಳಿ.