1966ರ ಪಾಂಟಿಯಾಕ್ ಜಿಟಿಒ ಕಾರು ಅಸಲಿಯಾ ಅಂತ ಕೊಳ್ಳುವ ಮುಂಚೆ ತಿಳಿಯೋದು ಹೇಗೆ?

ಮೊದಲು ಚಾಲಕನ ಬಾಗಿಲು ತೆಗೆದು, ಬಾಗಿಲ ಕಂಬದ ಮೇಲಿನ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ತಗಡು ನೋಡಿ. ಸಂಖ್ಯೆ 242ರಿಂದ ಶುರುವಾಗಬೇಕು. 237 ಇದ್ದರೆ ಅದು ಪಾಂಟಿಯಾಕ್‌ನದ್ದೇ ಇನ್ನೊಂದು ಮಾದರಿ, ಲೆಮಾನ್ಸ್. ಜಿಟಿಒ ಗ್ರಿಲ್, ಬ್ಯಾಡ್ಜ್ ಯಾರು ಬೇಕಾದರೂ ಹಾಕಿಸಬಹುದು, ಅಲ್ವಾ? (1964, 65ರಲ್ಲಿ ಜಿಟಿಒ ಬರೀ ಆಯ್ಕೆಯ ಪ್ಯಾಕೇಜ್ ಆಗಿತ್ತು, ಹಾಗಾಗಿ ಆ ಕಾರುಗಳಲ್ಲಿ ಈ ಗುರುತು ಸಿಗಲ್ಲ.)

242 ಇದ್ದ ಮಾತ್ರಕ್ಕೆ ಎಂಜಿನ್ ಮೂಲದ್ದೇ ಅಂತ ನಂಬಬೇಡಿ. ಹಳೆಯ ಪಾಂಟಿಯಾಕ್‌ಗಳ ದಾಖಲೆ ಒದಗಿಸುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ಆ ಕಾರಿನ ಕಾರ್ಖಾನೆ ದಾಖಲೆ ತರಿಸಿ. ದುಡ್ಡು ಕೊಡುವ ಮುಂಚೆ ಇದೊಂದನ್ನು ಬಿಡಲೇಬೇಡಿ. ಮಾರುವವರು ಟ್ರೈ-ಪವರ್ (ಮೂರು ಕಾರ್ಬ್ಯುರೇಟರ್ ಇರುವ ಎಂಜಿನ್), ಮ್ಯಾನುಯಲ್ ಗೇರ್ ಅಂದರೆ ದಾಖಲೆಯಲ್ಲೂ ಅದೇ ಇರಬೇಕು, ಎಂಜಿನ್ ಬ್ಲಾಕ್ ಮೇಲೆ ಸಾಮಾನ್ಯವಾಗಿ ಡಬ್ಲ್ಯುಎಸ್ ಕೋಡ್ ಇರುತ್ತೆ.

ಇನ್ನು ತುಕ್ಕು. ಹೊಳೆಯುವ ಬಣ್ಣಕ್ಕೆ ಮರುಳಾಗದೆ ಹಿಂಚಕ್ರದ ಸುತ್ತ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗೆ ಪುಟ್ಟಿ ಜಾಸ್ತಿ ತುಂಬಿದ್ದಾರೆ. ಡಿಕ್ಕಿಯ ತಳ, ಫ್ರೇಮ್ ಕೂಡ ನೋಡಿ. ಎಂಜಿನ್ ರಿಪೇರಿಗಿಂತ ಬಾಡಿ ಕೆಲಸವೇ ಜೇಬು ಖಾಲಿ ಮಾಡುವುದು.