ಯಾರ್ಕ್‌ನಲ್ಲಿ ಮನೆ ಹಿಡಿಯುವುದು ಕೋಟೆ ಗೋಡೆಯ ಒಳಗೋ, ಹೊರಗೋ?

ನಿಮಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೆಲಸ ಸಿಕ್ಕಿದೆ. ಮನೆ ಹಳೇ ಗೋಡೆಯ ಒಳಗೆ ಹಿಡಿಯೋಣವಾ, ಹೊರಗಾ, ಇಲ್ಲ ಲೀಡ್ಸ್‌ನಲ್ಲಿದ್ದು ರೈಲಿನಲ್ಲಿ ಓಡಾಡೋಣವಾ, ಅಪ್ಪ ಅಮ್ಮ ಬಂದರೆ ಊರು ತೋರಿಸಲು ಎರಡು ದಿನ ಸಾಕಾ ಅಂತ ಕೇಳಿದ್ದೀರಿ. 2019ರಲ್ಲಿ ಎಂ.ಎಸ್ಸಿ. ಓದಲು ಹೊರಟಾಗ ನಾನೂ ಇದನ್ನೇ ಕೇಳಿಕೊಂಡು ಕೂತಿದ್ದೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಮನೆ ಹೊಳೆಗಿಂತ ಎಷ್ಟು ಎತ್ತರದಲ್ಲಿದೆ ಅಂತ ಕೇಳಿ.

ನಮ್ಮದು ಅಥಣಿ ತಾಲೂಕಿನ ಕೃಷ್ಣಾ ದಂಡೆಯ ಊರು. ಆ ವರ್ಷ ಆಗಸ್ಟ್‌ನಲ್ಲಿ ಹೊಳೆ ಬಂತು. ಅಪ್ಪ ಅವ್ವ ಶಾಲೆಯ ಕಾಳಜಿ ಕೇಂದ್ರದಲ್ಲಿದ್ದರು. ನಾನು ಬೆಂಗಳೂರಿನಲ್ಲಿ ಕೂತು ಒಂದು ಕಡೆ ಅವರಿಗೆ ಫೋನ್ ಮಾಡುತ್ತಿದ್ದೆ, ಇನ್ನೊಂದು ಕಡೆ ಯಾರ್ಕ್‌ನ ಮನೆಗಳ ಫೋಟೊ ನೋಡುತ್ತಿದ್ದೆ. ಊಸ್ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಮನೆ ಸಿಕ್ಕಿತು. ಕೆಂಪು ಇಟ್ಟಿಗೆಯ ಹಳೇ ಮನೆ, ಗ್ರೌಂಡ್ ಫ್ಲೋರ್, ಅಡುಗೆಮನೆ ಕಿಟಕಿಯಿಂದ ನೀರು ಕಾಣುತ್ತಿತ್ತು. ಬಾಡಿಗೆಯೂ ಸುತ್ತಲಿನ ಮನೆಗಳಿಗಿಂತ ಕಡಿಮೆ. ಯಾಕೆ ಕಡಿಮೆ ಅಂತ ನಾನು ಕೇಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಗೊತ್ತಿಲ್ಲದ ವಿಷಯವಲ್ಲ ಇದು. ನಮ್ಮೂರಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಬರುತ್ತದೆ. ಮಳೆ ಆಗುವುದು ಸಾತಾರಾ ಕಡೆಯ ಘಟ್ಟದಲ್ಲಿ. ಕೊಯ್ನಾದಿಂದ ನೀರು ಬಿಟ್ಟರು ಅಂದ ಕೂಡಲೇ ಅವ್ವ ಕಾಗದಪತ್ರ, ಒಳ್ಳೆ ಸೀರೆ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾಳೆ. ಊಸ್ ನದಿಯದ್ದೂ ಅದೇ ಕಥೆ. ಸ್ವೇಲ್, ಯೂರ್, ನಿಡ್ ಅಂತ ಮೂರು ನದಿಗಳು ಯಾರ್ಕ್‌ಷೈರ್ ಡೇಲ್ಸ್ ಗುಡ್ಡಗಳಿಂದ ಇಳಿದು ಯಾರ್ಕ್ ಮುಟ್ಟುವ ಮೊದಲೇ ಇದಕ್ಕೆ ಸೇರುತ್ತವೆ. ಅಲ್ಲಿ ಮಳೆ ಬಂದರೆ ಇಲ್ಲಿ ನೀರು ಏರುತ್ತದೆ. ಮ್ಯಾಪ್‌ನಲ್ಲಿ ಬೆರಳಿಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ಆದರೆ ಇಂಗ್ಲೆಂಡಿನಂಥ ದೇಶದಲ್ಲಿ ಹೊಳೆ ಮನೆಯೊಳಗೆ ಬರಲಾರದು, ಏನಾದರೂ ವ್ಯವಸ್ಥೆ ಮಾಡಿರುತ್ತಾರೆ ಅಂತ ನನ್ನಷ್ಟಕ್ಕೆ ನಾನೇ ನಂಬಿಬಿಟ್ಟೆ. ನೀರು ಕಾಣುವ ಕಿಟಕಿಯನ್ನು ಚೆಂದ ಅಂತ ನೋಡಿದೆ. ಆ ನೀರಿಗೂ ನಾವು ಕಾಣುತ್ತೇವೆ ಅಂತ ಹೊಳೆಯಲಿಲ್ಲ.

2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿ ಬಂದು ಹೋಯಿತು. ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಬಿಸಿಲು ನೋಡಿ ಗಂಡ ಬಟ್ಟೆ ಒಣಗಲು ಹಾಕಿದರು. ಸಂಜೆ ಹೊಳೆ ದಂಡೆಯ ಕಾಲುದಾರಿ ಮುಳುಗಿತು, ಬೆಂಚಿನ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಹಲಗೆ ಕೂರಿಸುತ್ತಿದ್ದರು. ನನ್ನನ್ನು ನೋಡಿ, ಕೆಳಗಿರುವುದನ್ನೆಲ್ಲ ಮೇಲೆ ಎತ್ತಿಡು ಅಂದರು. ನಾವು ಟಿವಿ, ಲ್ಯಾಪ್‌ಟಾಪ್, ಅಕ್ಕಿ ಚೀಲ ಎತ್ತಿಟ್ಟೆವು. ಮಂಚದ ಕೆಳಗಿನ ಸೂಟ್‌ಕೇಸ್ ಮರೆತೆವು. ರಾತ್ರಿ ಎರಡು ಗಂಟೆಗೆ ನೀರು ಬಾಗಿಲಿನಿಂದ ಬರಲಿಲ್ಲ, ನೆಲದ ಹಲಗೆ ಸಂದಿನಿಂದ ಮೇಲೆ ಬಂತು. ಒಂದು ಗೇಣು ಅಷ್ಟೇ. ಆದರೆ ಆ ಸೂಟ್‌ಕೇಸಿನಲ್ಲಿ ನನ್ನ ಅಸಲಿ ಮಾರ್ಕ್ಸ್ ಕಾರ್ಡುಗಳಿದ್ದವು. ಮದುವೆಗೆ ಅವ್ವ ಕೊಟ್ಟ ಇಳಕಲ್ ಸೀರೆಯೂ ಇತ್ತು. ಸೀರೆಯ ಕೆಂಪು ಬಣ್ಣ ಬಿಟ್ಟು ಕಾಗದಕ್ಕೆಲ್ಲ ಹತ್ತಿತ್ತು. ಊರಿನಲ್ಲಿ ನೆರೆ ಬಂದಾಗ ಅದೇ ಸೀರೆಯನ್ನು ಅವ್ವ ನನಗೋಸ್ಕರ ಅಟ್ಟದಲ್ಲಿ ಉಳಿಸಿದ್ದಳು. ಅವಳಿಗೆ ಇದನ್ನು ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಮನೆ ಮಾಲೀಕರು ಮರುದಿನವೇ ಬಂದರು, ಒಳ್ಳೆಯವರು. ಅವರ ಇನ್ಶೂರೆನ್ಸ್‌ನಲ್ಲಿ ನೆಲ, ಗೋಡೆ ರಿಪೇರಿ ಆಯಿತು. ನಮ್ಮ ಸಾಮಾನಿಗೆ ಒಂದು ಪೌಂಡೂ ಬರಲಿಲ್ಲ. ಅಲ್ಲಿ ಮಾಲೀಕರ ಇನ್ಶೂರೆನ್ಸ್ ಕಟ್ಟಡಕ್ಕೆ ಮಾತ್ರ. ಬಾಡಿಗೆದಾರರ ವಸ್ತುಗಳಿಗೆ ಬಾಡಿಗೆದಾರರೇ ಬೇರೆ ಮಾಡಿಸಬೇಕು. ನಾನು ಮಾಡಿಸಿರಲಿಲ್ಲ. ಮಾರ್ಕ್ಸ್ ಕಾರ್ಡಿನ ನಕಲು ತರಿಸಲು ತಿಂಗಳುಗಟ್ಟಲೆ ಅಲೆದಾಡಿದೆ, ಅದೂ ಲಾಕ್‌ಡೌನ್ ಕಾಲದಲ್ಲಿ.

ಹಾಗಾಗಿ ಮುಂಗಡ ಕೊಡುವ ಮೊದಲು ಆ ಮನೆಯ ಪೋಸ್ಟ್‌ಕೋಡ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ನೆರೆ ಅಪಾಯ ಎಷ್ಟಿದೆ ನೋಡಿ. ಪುಕ್ಕಟೆ. ಎಚ್ಚರಿಕೆ ನಿಮ್ಮ ಫೋನಿಗೇ ಬರುವ ಹಾಗೆ ಹೆಸರು ಕೊಡಲೂಬಹುದು. ಊಸ್ ಒಂದನ್ನೇ ನೋಡಬೇಡಿ. ಊರೊಳಗೆ ಫಾಸ್ ಅಂತ ಚಿಕ್ಕ ನದಿಯೂ ಇದೆ. ಊಸ್ ನೀರು ಅದರೊಳಗೆ ಹಿಮ್ಮುಖವಾಗಿ ನುಗ್ಗದಂತೆ ತಡೆಗೇಟು ಕಟ್ಟಿದ್ದಾರೆ. 2015ರ ಕ್ರಿಸ್‌ಮಸ್ ಮರುದಿನ ಆ ಗೇಟಿನ ಪಂಪುಗಳ ವಿದ್ಯುತ್ ವ್ಯವಸ್ಥೆಗೇ ನೀರು ನುಗ್ಗಿ, ಗೇಟು ಎತ್ತಬೇಕಾಗಿ ಬಂತು. 600ಕ್ಕೂ ಹೆಚ್ಚು ಮನೆ, ಅಂಗಡಿ ಮುಳುಗಿದವು. ನಮ್ಮ ನೆರೆ ಆದ ಮೇಲೆ ಅಲ್ಲಲ್ಲಿ ತಡೆಗೋಡೆ ಕೆಲಸ ಮಾಡಿದ್ದಾರೆ. ಆದರೂ ಗ್ರೌಂಡ್ ಫ್ಲೋರ್ ಮನೆಯಾದರೆ ನಾನಂತೂ ನದಿ ಹತ್ತಿರ ಹೋಗುವುದಿಲ್ಲ.

ಗೋಡೆಯೊಳಗೆ ಇರಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ಬೇಡ. ಒಳಗಿನ ಮುಖ್ಯ ಬೀದಿಗಳಲ್ಲಿ ಹಗಲು ಗಾಡಿ ಬಿಡುವುದಿಲ್ಲ, ಶನಿವಾರ ಬಂದರೆ ಜಾತ್ರೆಯ ಜನ, ಕುದುರೆ ರೇಸ್ ದಿನ ರಾತ್ರಿಯಿಡೀ ಗಲಾಟೆ. ಲೀಡ್ಸ್ ಕೂಡ ಬೇಡ. ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬರಬಹುದು ನಿಜ, ಆದರೆ ದಿನಾ ಟಿಕೆಟ್ ತುಂಬಾ ತುಟ್ಟಿ. ಜೋಳದ ಹಿಟ್ಟು, ಕರಿಬೇವು ತರಲು ತಿಂಗಳಿಗೊಮ್ಮೆ ಲೀಡ್ಸ್‌ಗೆ ಹೋದರೆ ಸಾಕು. ನಾವು ನೆರೆಯ ನಂತರ ಹೋಲ್ಗೇಟ್‌ಗೆ ಹೋದೆವು. ದಿಬ್ಬದ ಮೇಲೆ ಹಳೇ ಗಾಳಿಗಿರಣಿ ಇರುವ ಜಾಗ. ಮೊದಲ ಮಹಡಿಯಲ್ಲಿ ಸಣ್ಣ ಮನೆ, ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದೆವು. ಮೂರು ವರ್ಷ ಸುಖವಾಗಿದ್ದೆವು.

ಅಪ್ಪ ಅಮ್ಮನಿಗೆ ಎರಡು ದಿನ ಸಾಕಾ ಅಂದಿರಿ. ಲಂಡನ್‌ನಿಂದ ಬರುವ ಪ್ರವಾಸಿಗೆ ಸಾಕು. ಅವರು ನಿಮ್ಮ ಮನೆಗೆ ಬರುತ್ತಿದ್ದಾರೆ, ಅಲ್ವಾ? ದಿನಕ್ಕೆ ಒಂದೇ ಜಾಗ ತೋರಿಸಿ. ನಮ್ಮಪ್ಪ 2022ರಲ್ಲಿ ಬಂದಾಗ ಹಾಗೇ ಮಾಡಿದೆವು. ಗೋಡೆಯ ಸುತ್ತಳತೆ ಸುಮಾರು 3.4 ಕಿ.ಮೀ. ಪೂರ್ತಿ ನಡೆಸಬೇಡಿ. ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗೆ ಸಾಕು, ಮಿನ್‌ಸ್ಟರ್ ಚರ್ಚು ಅಲ್ಲಿಂದ ಕಂಡಷ್ಟು ಚೆನ್ನಾಗಿ ಎಲ್ಲೂ ಕಾಣುವುದಿಲ್ಲ. ಗೋಡೆಯ ಮೇಲೆ ಕೆಲವು ಕಡೆ ಕಂಬಿ ಇಲ್ಲ, ಕೈ ಹಿಡಿದುಕೊಳ್ಳಿ. ಅಲ್ಲಿ ಬಾರ್ ಅಂದರೆ ಕೋಟೆ ಬಾಗಿಲು, ಗೇಟ್ ಅಂದರೆ ಬೀದಿ. ಈ ಗೇಟ್ ಅನ್ನುವುದು ವೈಕಿಂಗರು ಬಿಟ್ಟು ಹೋದ ಮಾತು. ಮಿನ್‌ಸ್ಟರ್‌ಗೆ ಟಿಕೆಟ್ ಇದೆ, ಆದರೆ ಸಂಜೆಯ ಹಾಡಿನ ಪ್ರಾರ್ಥನೆಗೆ ಹೋದರೆ ದುಡ್ಡಿಲ್ಲ. ಪೂರ್ವದ ದೊಡ್ಡ ಕಿಟಕಿಯನ್ನು ಮಾತ್ರ ಒಮ್ಮೆ ಹಗಲಿನಲ್ಲಿ ನೋಡಬೇಕು. 1405ರಿಂದ 1408ರವರೆಗೆ ಕೂತು ಮಾಡಿದ ಬಣ್ಣದ ಗಾಜು, ಟೆನ್ನಿಸ್ ಅಂಕಣದಷ್ಟು ದೊಡ್ಡದು. ಶ್ಯಾಂಬಲ್ಸ್ ಬೀದಿಗೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ ಬನ್ನಿ. ರೈಲ್ವೆ ಮ್ಯೂಸಿಯಂ ಪುಕ್ಕಟೆ. ಅಪ್ಪ ಅಲ್ಲಿ ಮ್ಯಾಲಾರ್ಡ್ ಇಂಜಿನ್ನಿನ ಮುಂದೆ ಅರ್ಧ ತಾಸು ನಿಂತರು. 1938ರಲ್ಲಿ ಗಂಟೆಗೆ 203 ಕಿ.ಮೀ. ಓಡಿದ ಉಗಿಬಂಡಿ ಅದು.

ಆದರೆ ಬಂದ ಮೊದಲ ದಿನ ಊಸ್ ಸೇತುವೆ ಮೇಲೆ ಟ್ಯಾಕ್ಸಿಯಿಂದ ಇಳಿದಾಗ ಅಪ್ಪ ಊರು ನೋಡಲಿಲ್ಲ. ಕಟ್ಟೆಗೆ ಕೈಯೂರಿ ಕೆಳಗೆ ನೋಡಿ ಕೇಳಿದರು: "ಇದರ ನೀರ ಎಲ್ಲಿಂದ ಬರ್ತೈತಿ, ಯವ್ವಾ?" ದಂಡೆಯಲ್ಲಿರುವ ಕಿಂಗ್ಸ್ ಆರ್ಮ್ಸ್ ಅನ್ನುವ ಹಳೇ ಪಬ್‌ನಲ್ಲಿ ಯಾವ ವರ್ಷ ಎಲ್ಲಿವರೆಗೆ ನೀರು ಬಂದಿತ್ತು ಅಂತ ಗುರುತು ಹಾಕಿದ್ದಾರೆ. ಅದನ್ನು ತೋರಿಸಿದೆ. ಅವರು ಒಂದೊಂದು ಗೆರೆಯ ಮೇಲೂ ಕೈಯಿಟ್ಟು ನೋಡಿದರು. ಸೀರೆಯ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಏನೂ ಅನ್ನಲಿಲ್ಲ.

ನೀವು ನೋಡಿರುವ ಮನೆಗಳ ಪೋಸ್ಟ್‌ಕೋಡ್ ನನಗೆ ಮೆಸೇಜ್‌ನಲ್ಲಿ ಕಳಿಸಿ, ಓಣಿ ಯಾವ ಕಡೆಗೆ ಇಳಿಯುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.